ಟಿವಿಯ ಬೆನ್ನು ಬಿಚ್ಚಿದರೆ

ಕಳೆದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಅಂಗಡಿಯ ಶಟರ್ ಅರ್ಧ ಎತ್ತಿದ್ದೆ ಅಷ್ಟೆ, ಮಾಷ್ಟ್ರು ರಿಕ್ಷಾದಲ್ಲಿ ಬಂದಿಳಿದರು. ಜೊತೆಗೆ 43 ಇಂಚಿನ ಟಿವಿ. ಹಳೆಯ ಬೆಡ್‌ಶೀಟ್ ಸುತ್ತಿ, ಎರಡೂ ಕಡೆ ತಲೆದಿಂಬು ಒತ್ತಿ ಕೂರಿಸಿದ್ದರು. ಅವರು ಕೂತದ್ದು ಎಲ್ಲಿ ಅಂತ ಈಗಲೂ ನನಗೆ ಗೊತ್ತಾಗಿಲ್ಲ.

"ಶಬ್ದ ಬರ್ತದೆ, ಚಿತ್ರ ಇಲ್ಲ. ತಗೊಂಡು ಒಂದು ವರ್ಷ ಎರಡು ತಿಂಗಳು ಆದದ್ದಷ್ಟೆ."

ವಾರಂಟಿ ಒಂದು ವರ್ಷದ್ದು. ಈ ಟಿವಿಗಳಿಗೆ ಕ್ಯಾಲೆಂಡರ್ ಓದಲು ಬರುತ್ತದೋ ಏನೋ, ಯಾವತ್ತೂ ಮುಗಿದ ಮೇಲೆಯೇ ಕೆಡುತ್ತವೆ.

ಶಟರ್ ಪುನಃ ಕೆಳಗೆಳೆದು ಕತ್ತಲು ಮಾಡಿದೆ. ಟಿವಿ ಆನ್ ಮಾಡಿ, ಟಾರ್ಚನ್ನು ಪರದೆಗೆ ತಾಗಿಸಿ ಓರೆಯಾಗಿ ಹಿಡಿದೆ. ಬೆಳಕು ಬಿದ್ದಷ್ಟು ಜಾಗದಲ್ಲಿ, ಬಾವಿಯ ನೀರಿನಡಿ ಕಾಣುವ ಹಾಗೆ, ವಾರ್ತೆ ಓದುವ ಹೆಂಗಸಿನ ಮುಖ ಮಸುಕಾಗಿ ಕಂಡಿತು. ಚಿತ್ರ ಉಂಟು, ಅದರ ಹಿಂದಿನ ಬೆಳಕು ಹೋಗಿದೆ ಅಂತ ಅರ್ಥ. ಬ್ಯಾಕ್‌ಲೈಟ್ ಪಟ್ಟಿ ಸುಟ್ಟಿದೆ. ಮಾಷ್ಟ್ರಿಗೆ ತೋರಿಸಿದೆ. ಅವರು ಬಗ್ಗಿ ನೋಡಿ, "ಅಯ್ಯೋ ಪಾಪ, ಕತ್ತಲಲ್ಲೇ ಓದ್ತಾ ಇದ್ದಾಳಲ್ವಾ" ಅಂದರು.

ಅವರ ಬೇಸರ ಚಿತ್ರ ಹೋದದ್ದಕ್ಕಿಂತ ಬೇರೆ. "ಅಂಗಡಿಯವ ಕೊರಿಯಾದ್ದು ತಗೊಳ್ಳಿ ಅಂತ ಹೇಳಿದ್ದ. ನಾನೇ ಹಟ ಮಾಡಿ, ನಮ್ಮ ದೇಶದ್ದೇ ಇರಲಿ ಅಂತ ಇದನ್ನು ತಂದದ್ದು. ಈಗ ಮನೆಯಲ್ಲಿ ದಿನಾ ಅದೇ ಮಾತು ಕೇಳ್ಬೇಕು." ಯಾವ ಕಂಪನಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಇಂಥ ಹೆಸರುಗಳು ನನ್ನ ಅಂಗಡಿಗೆ ವಾರಕ್ಕೊಂದು ಬರುತ್ತವೆ.

ಹದಿನೇಳು ಸ್ಕ್ರೂ ತೆಗೆದು ಬೆನ್ನು ಬಿಚ್ಚಿದೆ. ಒಳಗೆ ಅಂಗೈ ಅಗಲದ ಒಂದು ಬೋರ್ಡು, ಎರಡು ಸ್ಪೀಕರು, ನಾಲ್ಕು ವಯರು, ಉಳಿದದ್ದು ಖಾಲಿ. ಪ್ಯಾನೆಲ್ಲಿನ ಹಿಂದೆ ಚೀನೀ ಅಕ್ಷರದ ಸ್ಟಿಕ್ಕರ್. ಬೋರ್ಡಿನ ಮೇಲೆ ಚೀನೀ ಅಕ್ಷರ. ಸ್ಪೀಕರಿನ ಬೆನ್ನಲ್ಲೂ ಅದೇ. ಹೊರಗೆ "ಮೇಡ್ ಇನ್ ಇಂಡಿಯಾ" ಅಂತ ಬರೆದದ್ದು ಸುಳ್ಳಲ್ಲ, ಜೋಡಿಸಿದ್ದು ಇಲ್ಲೇ. ಮಾಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಒಂದೊಂದನ್ನೂ ನೋಡಿದರು.

"ಹಾಗಾದರೆ ಇದರಲ್ಲಿ ನಮ್ಮದು ಯಾವುದು ಮಾರಾಯ?"

"ಸ್ಕ್ರೂ ಇರಬಹುದು ಮಾಷ್ಟ್ರೇ."

ನಗಿಸಲಿಕ್ಕೆ ಹೇಳಿದ್ದು. ಅವರು ನಗಲಿಲ್ಲ. ಪಟ್ಟಿ ತರಿಸಲು ನಾಲ್ಕು ದಿನ ಬೇಕು ಅಂತ ಹೇಳಿ ಅವರನ್ನು ಕಳಿಸಿದೆ. ಆಮೇಲೆ ರಾತ್ರಿಯವರೆಗೂ ಅದೇ ತಲೆಯಲ್ಲಿ ಕೂತಿತ್ತು. ಮೂವತ್ತೈದು ವರ್ಷದಿಂದ ಕೇರಳದ ಕಾಸರಗೋಡು ಜಿಲ್ಲೆಯ, ಕರ್ನಾಟಕದ ಗಡಿಯ ಪೆರ್ಲ ಪೇಟೆಯಲ್ಲಿ ಇದೇ ಮೇಜಿನ ಮುಂದೆ ಕೂತು ಬೆನ್ನು ಬಿಚ್ಚುತ್ತಾ ಬಂದವ ನಾನು. ನಮ್ಮದು, ಹೊರಗಿನದ್ದು ಅನ್ನುವ ಜಗಳ ನನಗೆ ಕಾಣುವುದು ಈ ಕಡೆಯಿಂದ. ಅದನ್ನೇ ಸ್ವಲ್ಪ ಬರೆಯೋಣ ಅನ್ನಿಸಿತು.

ನಮ್ಮ ಮನೆಗೆ ಮೊದಲು ಬಂದದ್ದು ಮರ್ಫಿ ಟ್ರಾನ್ಸಿಸ್ಟರ್. ಕಂದು ಬಣ್ಣದ ಚರ್ಮದ ಚೀಲ, ಅದಕ್ಕೆ ತೂತು ತೂತು ಬಾಯಿ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತಂದದ್ದು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಅದರ ಲೈಸೆನ್ಸ್ ದುಡ್ಡು ಕಟ್ಟಿ ಬರುವ ಕೆಲಸ ದೊಡ್ಡಣ್ಣನದ್ದು. ಬಾಯಿಗೆ ಬೆರಳಿಟ್ಟ ಮಗುವಿನ ಚಿತ್ರ ಇರುವ ಆ ಮರ್ಫಿ ನಮ್ಮ ದೇಶದ್ದೇ ಅಂತ ನಾವೆಲ್ಲ ನಂಬಿದ್ದೆವು. ಅದು ಇಂಗ್ಲೆಂಡಿನ ಹೆಸರು. ಬುಷ್ ಕೂಡ ಅಲ್ಲಿಯದ್ದೇ. ಫಿಲಿಪ್ಸ್ ಹಾಲೆಂಡಿನದ್ದು. ರೇಡಿಯೋ ಮಾತ್ರ ಇಲ್ಲೇ ತಯಾರಾಗುತ್ತಿತ್ತು. ರಿಪೇರಿ ಕಲಿತ ಮೇಲೆ ಇಂಥ ಸೆಟ್ಟುಗಳನ್ನು ಬಿಚ್ಚಿದರೆ ಒಳಗೆ ಬೆಂಗಳೂರಿನ ಬಿಇಎಲ್‌ನ ಟ್ರಾನ್ಸಿಸ್ಟರುಗಳು ಸಿಗುತ್ತಿದ್ದವು. ಹೊರಗೆ ವಿಲಾಯಿತಿ ಹೆಸರು, ಒಳಗೆ ನಮ್ಮ ಸಾಮಾನು. ಮಾಷ್ಟ್ರ ಟಿವಿಯದ್ದು ಇದಕ್ಕೆ ಸರೀ ತಿರುಗುಮುರುಗು.

ಇನ್ನು ನಮ್ಮ ಜಿಲ್ಲೆಯವರಿಗೆ "ಫಾರಿನ್" ಅಂದರೆ ಏನು ಅಂತ ಬೇರೆ ಊರಿನವರಿಗೆ ಹೇಳುವುದು ಕಷ್ಟ. ಬೆಂಗಳೂರಿನವರು ವಿದೇಶಿ ಸಾಮಾನನ್ನು ಕನ್ನಡಿಯ ಅಂಗಡಿಯಲ್ಲಿ ನೋಡಿದ್ದಾರು. ನಮಗೆ ಅದು ಪಕ್ಕದ ಮನೆಯ ಜಗಲಿಯಲ್ಲಿತ್ತು. ನೆರೆಮನೆಯ ಹಾಜಿಯವರ ಮಗ ದುಬೈಯಿಂದ ಮೊದಲ ಸಲ ಬಂದಾಗ ತಂದ ನ್ಯಾಷನಲ್ ಪ್ಯಾನಾಸೋನಿಕ್ ಟೂ ಇನ್ ಒನ್ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಳ್ಳಿ ಬಣ್ಣ. ಶಬ್ದಕ್ಕೆ ತಕ್ಕ ಹಾಗೆ ಕುಣಿಯುವ ಕೆಂಪು ದೀಪ. ಕ್ಯಾಸೆಟ್ ಬಾಗಿಲು ಒತ್ತಿದರೆ ನಮ್ಮ ಟೇಪುಗಳ ಹಾಗೆ ಟಪ್ ಅಂತ ಹಾರುತ್ತಿರಲಿಲ್ಲ, ಮೆಲ್ಲ ಬಗ್ಗಿ ತೆರೆಯುತ್ತಿತ್ತು. ಊರಲ್ಲಿ ತಾಳಮದ್ದಳೆ ಇದ್ದರೆ ಆ ಸೆಟ್ಟನ್ನು ಕೇಳಿ ತಂದು, ಭಾಗವತರ ಎದುರು ಸ್ಟೂಲಿನ ಮೇಲಿಟ್ಟು ಇಡೀ ರಾತ್ರಿ ರೆಕಾರ್ಡ್ ಮಾಡುತ್ತಿದ್ದರು. ಹಾಜಿಯವರಿಗೆ ಅದರಲ್ಲಿ ಹೆಮ್ಮೆ. ಕ್ಯಾಸೆಟ್ ಮಗುಚಿ ಹಾಕುವ ಕೆಲಸಕ್ಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ, ಸ್ವತಃ ಕೂರುತ್ತಿದ್ದರು. ಕರ್ಣ ಸಾಯುವ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ ಮುಗಿದು, ಇಡೀ ಸಭೆ ಅವರ ಕೈಯನ್ನೇ ನೋಡಿದ್ದುಂಟು.

1989ರಲ್ಲಿ ಅಂಗಡಿ ತೆರೆದಾಗ ನನಗೆ ಅನ್ನ ಕೊಟ್ಟದ್ದು ಇಂಥ ಜಪಾನಿ ಸೆಟ್ಟುಗಳೇ. ಅವು ಕೆಡುವ ಸಾಮಾನಲ್ಲ. ಕೆಡಿಸುತ್ತಿದ್ದವರು ನಾವು. ದುಬೈಯಲ್ಲಿ ಕರೆಂಟು ನಮ್ಮ ಹಾಗೆಯೇ, ತೊಂದರೆ ಇಲ್ಲ. ಸೌದಿಯಲ್ಲಿ ಆಗ ತುಂಬ ಕಡೆ 127 ವೋಲ್ಟು. ಅಲ್ಲಿಂದ ತಂದ ಟೇಪಿನ ಹಿಂದೆ ಸಣ್ಣ ಸ್ವಿಚ್ಚೊಂದು 110ರಲ್ಲಿ ಕೂತಿರುತ್ತಿತ್ತು. ರಜೆಯಲ್ಲಿ ಬಂದವ ಮನೆಮಂದಿಯನ್ನೆಲ್ಲ ಸೇರಿಸಿ, ಪ್ಲಗ್ ಚುಚ್ಚಿ, ಗತ್ತಿನಿಂದ ಸ್ವಿಚ್ ಹಾಕುತ್ತಿದ್ದ. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಎದುರು. ಒಳಗೆ ಟ್ರಾನ್ಸ್‌ಫಾರ್ಮರ್ ಕರಟಿ ವಾಸನೆ. ಅದೇ ಅಳತೆಯ ಟ್ರಾನ್ಸ್‌ಫಾರ್ಮರ್ ಇಲ್ಲಿ ಎಲ್ಲಿ ಸಿಗಬೇಕು? ಊರಿನದ್ದು ಒಳಗೆ ಹಿಡಿಸುತ್ತಿರಲಿಲ್ಲ. ಸಣ್ಣ ಮರದ ಡಬ್ಬಿ ಮಾಡಿಸಿ, ಅದರಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿ, ಹೊರಗಿನಿಂದ ವಯರು ಎಳೆದು ಕೊಡುತ್ತಿದ್ದೆ. ಅರ್ಧ ಜಪಾನು, ಅರ್ಧ ಪೆರ್ಲ. ಚೆನ್ನಾಗಿಯೇ ಹಾಡುತ್ತಿತ್ತು.

ಟಿವಿಯ ಕತೆ ಬೇರೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಪ್ರಸಾರ ಶುರುವಾಯಿತಲ್ಲ, ಆಮೇಲೆ ಹತ್ತು ವರ್ಷ ನಮ್ಮ ದೇಶದ ಹೆಸರುಗಳದ್ದೇ ಜಾತ್ರೆ. ಕೇರಳ ಸರಕಾರದ್ದೇ ಕೆಲ್ಟ್ರಾನ್ ಇತ್ತು. 1973ರಲ್ಲಿ ಹುಟ್ಟಿದ್ದು, ಒಂದು ರಾಜ್ಯ ಸರಕಾರ ಎಲೆಕ್ಟ್ರಾನಿಕ್ಸಿಗೆ ಅಂತಲೇ ಕಂಪನಿ ಮಾಡಿದ್ದು ದೇಶದಲ್ಲಿ ಅದೇ ಮೊದಲು. ಪಾಲಕ್ಕಾಡಿನಲ್ಲಿ 1963ರಲ್ಲಿ ಶುರುವಾದ ಬಿಪಿಎಲ್ ಇತ್ತು. ಚೆನ್ನೈಯ ಡಯನೋರಾ, ಸಾಲಿಡೇರ್. ಹೈದರಾಬಾದಿನ ಇಸಿ. ಔರಂಗಾಬಾದಿನಿಂದ ವಿಡಿಯೋಕಾನ್. ಕೊಂಬಿನ ದೆವ್ವವನ್ನು ಜಾಹೀರಾತಿಗೆ ಇಳಿಸಿದ ಓನಿಡಾ. ನಮ್ಮ ಕಡೆ ಅಡಿಕೆ ಮರದಷ್ಟು ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಕನ್ನಡ ಬೇಕಾದರೆ ಮಂಗಳೂರು ಕಡೆಗೆ ತಿರುಗಿಸುವುದು. ಒಬ್ಬ ಮೇಲೆ ಹತ್ತಿ ತಿರುಗಿಸಬೇಕು, ಒಬ್ಬ ಅಂಗಳದಲ್ಲಿ ನಿಂತು ಕೂಗಬೇಕು, ಒಬ್ಬ ಒಳಗೆ ಟಿವಿಯ ಎದುರು. ಮೂವರಲ್ಲಿ ಒಬ್ಬನಿಗೆ ಮಾತ್ರ ಚಿತ್ರ ಕಾಣುವುದು.

ಈ ಟಿವಿಗಳ ಬೆನ್ನು ಬಿಚ್ಚುವುದು ನನಗೆ ಖುಷಿಯ ಕೆಲಸವಾಗಿತ್ತು. ಹಲವು ಕಂಪನಿಗಳು ಪುಸ್ತಕದ ಜೊತೆ ಸರ್ಕ್ಯೂಟ್ ನಕ್ಷೆಯನ್ನೇ ಮಡಚಿ ಇಡುತ್ತಿದ್ದವು. ಬಿಚ್ಚಿ ಹರಡಿದರೆ ಮೇಜು ತುಂಬ. ಯಾವ ಕಾಲಿನಲ್ಲಿ ಎಷ್ಟು ವೋಲ್ಟು ಬರಬೇಕು ಅಂತ ಕೂಡ ಬರೆದಿರುತ್ತಿತ್ತು. ನೀನೇ ರಿಪೇರಿ ಮಾಡು ಅಂತ ಕಂಪನಿಯೇ ಹೇಳಿದ ಹಾಗೆ. ಪರದೆಯಲ್ಲಿ ಅಡ್ಡಕ್ಕೆ ಒಂದೇ ಬಿಳಿ ಗೆರೆ ಬಂದರೆ ಇಂಥಲ್ಲಿ ನೋಡು. ಏನೂ ಬಾರದೆ ಟಿಕ್ ಟಿಕ್ ಅಂದರೆ ಬಿಯು 208 ಅನ್ನುವ ಟ್ರಾನ್ಸಿಸ್ಟರ್ ನೋಡು, ಇಲ್ಲವಾದರೆ ಎಲ್‌ಒಟಿ ಅನ್ನುವ ಟ್ರಾನ್ಸ್‌ಫಾರ್ಮರ್. ಆ ಬಿಯು 208 ಹತ್ತು ಕಂಪನಿಯ ಟಿವಿಗೆ ಆಗುತ್ತಿತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಹಂಪನಕಟ್ಟೆಯಲ್ಲಿ ಒಂದು ಚೀಲ ಸಾಮಾನು ತಂದರೆ ಸಾಕು, ಪೆರ್ಲದಲ್ಲಿ ಯಾರ ಟಿವಿಯೂ ಮೂರು ದಿನಕ್ಕಿಂತ ಜಾಸ್ತಿ ಮಲಗುತ್ತಿರಲಿಲ್ಲ.

ಹಾಗಂತ ಆ ಕಾಲವನ್ನು ಸುಮ್ನೆ ಹೊಗಳುವುದಿಲ್ಲ. ಕಲರ್ ಟಿವಿ ತರಲು ಜನ ಅಡಿಕೆ ಇಟ್ಟು ಸಾಲ ಮಾಡಬೇಕಿತ್ತು. ಹೊರಗಿನ ಟಿವಿ ಬರುವ ದಾರಿಗೆ ಸರಕಾರ ಬಾಗಿಲು ಹಾಕಿದ್ದರಿಂದ ಇವರಿಗೆ ಪೈಪೋಟಿ ಇರಲಿಲ್ಲ. ಕೊಟ್ಟದ್ದನ್ನು ನಾವು ತೆಗೆದುಕೊಳ್ಳುವುದು, ಅಷ್ಟೆ. ಒಳಗಿನ ವಿದ್ಯೆ ಕೂಡ ಪೂರ್ತಿ ನಮ್ಮದಾಗಿರಲಿಲ್ಲ. ಬಿಪಿಎಲ್ಲಿಗೆ ಸಾನ್ಯೋದ ಪಾಠ, ಓನಿಡಾಕ್ಕೆ ಜೆವಿಸಿಯದ್ದು, ವಿಡಿಯೋಕಾನಿಗೆ ತೋಷಿಬಾದ್ದು. ಪಾಠ ಹೇಳಿಸಿಕೊಳ್ಳುವುದು ತಪ್ಪಲ್ಲ. ನಾನೂ ಮಂಗಳೂರಿನಲ್ಲಿ ಎರಡು ವರ್ಷ ಒಬ್ಬರ ಕೈಕೆಳಗೆ ಕೂತೇ ಕಲಿತವ. ಆದರೆ ಪಾಠ ಮುಗಿದ ಮೇಲೂ ಗುರುಗಳ ಪುಸ್ತಕವನ್ನೇ ನೋಡಿ ಬರೆದರೆ ಒಂದು ದಿನ ಗುರುಗಳು ಸ್ವತಃ ಅಂಗಡಿ ಇಟ್ಟಾಗ ಎಂತ ಮಾಡುವುದು?

ಹಾಗೆಯೇ ಆಯಿತು. 1991ರ ನಂತರ ಬಾಗಿಲು ತೆರೆಯಿತು. 1995ರಲ್ಲಿ ಸ್ಯಾಮ್‌ಸಂಗ್ ಬಂತು, 1997ರಲ್ಲಿ ಎಲ್‌ಜಿ. ಪುತ್ತೂರಿನ ಅಂಗಡಿಗಳಲ್ಲಿ ಹಳೆಯ ಟಿವಿ ಕೊಡಿ, ಹೊಸದು ಒಯ್ಯಿರಿ ಅಂತ ಬೋರ್ಡು ಬಿತ್ತು. ಜನ ಚೆನ್ನಾಗಿ ಓಡುತ್ತಿದ್ದ ಸೆಟ್ಟನ್ನೂ ಜೀಪಿಗೆ ಹಾಕಿ ಹೊರಟರು. ಕೊರಿಯಾದವರು ಇಲ್ಲಿಯೇ ಕಾರ್ಖಾನೆ ಹಾಕಿದರು, ಸರ್ವಿಸಿಗೆ ಅಂತ ಬೈಕಿನಲ್ಲಿ ಹುಡುಗರನ್ನು ಓಡಿಸಿದರು. ಪೆರ್ಲದಂಥ ಊರಿಗೂ ಟೈ ಕಟ್ಟಿದ ಹುಡುಗ ಬಂದದ್ದು ಕಂಡು ನನಗೆ ಒಳಗೊಳಗೆ ಭಯವೇ ಆಗಿತ್ತು. ಅವನ ಕೈಯಲ್ಲಿ ನಕ್ಷೆ ಇರಲಿಲ್ಲ. ಕೆಟ್ಟ ಬೋರ್ಡ್ ತೆಗೆದು ಹೊಸ ಬೋರ್ಡ್ ಹಾಕಿ, ಸಹಿ ಹಾಕಿಸಿಕೊಂಡು ಹೋದ. ಹತ್ತು ನಿಮಿಷ. ನಾನಾದರೆ ಅರ್ಧ ದಿನ ಮೀಟರ್ ಹಿಡಿದುಕೊಂಡು ಕೂರುತ್ತಿದ್ದೆ.

ಆದರೂ ನಮ್ಮ ಕಂಪನಿಗಳನ್ನು ಮುಳುಗಿಸಿದ್ದು ಆ ಟೈ ಹುಡುಗ ಅಂತ ನನಗೆ ಅನ್ನಿಸುವುದಿಲ್ಲ. ಡಬ್ಬಿ ಟಿವಿ ಇರುವವರೆಗೆ ಹೇಗೋ ಗುದ್ದಾಡಿದರು. ಪಿಕ್ಚರ್ ಟ್ಯೂಬು ನಮ್ಮ ದೇಶದಲ್ಲೇ ತಯಾರಾಗುತ್ತಿತ್ತು, ಸ್ಯಾಮ್‌ಟೆಲ್‌ನಂಥವರು ಮಾಡುತ್ತಿದ್ದರು. ಚಪ್ಪಟೆ ಟಿವಿ ಬಂದ ಮೇಲೆ ಆಟವೇ ಬದಲಾಯಿತು. ಚಪ್ಪಟೆ ಟಿವಿಯ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಯಾನೆಲ್ಲಿನದ್ದೇ. ಆ ಪ್ಯಾನೆಲ್ ಮಾಡುವ ಕಾರ್ಖಾನೆ ಕೊರಿಯಾದಲ್ಲಿತ್ತು, ಜಪಾನಿನಲ್ಲಿತ್ತು, ತೈವಾನಿನಲ್ಲಿತ್ತು, ಆಮೇಲೆ ಚೀನಾದಲ್ಲಿ ಎದ್ದಿತು. ಇಲ್ಲಿ ಏಳಲಿಲ್ಲ. ಅಡಿಕೆ ತೋಟವೇ ಇಲ್ಲದೆ ಬೇರೆಯವರಿಂದ ಅಡಿಕೆ ತಂದು ಸುಲಿದು ಮಾರಿದರೆ ಎಷ್ಟು ಉಳಿದೀತು? ನೆರೆಯವನಿಗೆ ತೋಟವೂ ಉಂಟು, ಸುಲಿಯಲು ಜನವೂ ಉಂಟು. 2018ರಲ್ಲಿ ವಿಡಿಯೋಕಾನ್ ದಿವಾಳಿ ಅರ್ಜಿಯ ಮೆಟ್ಟಿಲು ಹತ್ತಿತು. ಬಿಪಿಎಲ್ ಹೆಸರನ್ನು ಈಗ ರಿಲಯನ್ಸಿನವರು ಲೈಸೆನ್ಸಿನ ಮೇಲೆ ಬಳಸುತ್ತಾರೆ. ಇದು ನಮ್ಮವರಿಗೆ ಮಾತ್ರ ಆದದ್ದಲ್ಲ ಅನ್ನುವುದೊಂದು ಸಮಾಧಾನ. ಪಾಠ ಹೇಳಿದ ತೋಷಿಬಾದ ಟಿವಿ ವ್ಯಾಪಾರ ಈಗ ಚೀನಾದ ಹೈಸೆನ್ಸ್ ಕೈಯಲ್ಲಿ. ಸಾನ್ಯೋದ ವಾಷಿಂಗ್ ಮೆಷಿನ್ನು, ಫ್ರಿಜ್ಜಿನ ವ್ಯಾಪಾರ ಚೀನಾದ ಹೈಯರ್ ಪಾಲಾಯಿತು. ಗುರುಗಳೂ ಅಂಗಡಿ ಮುಚ್ಚಿದರು.

ನಡುವೆ ಬಜಪೆಯ, ಅಂದರೆ ಮಂಗಳೂರು ವಿಮಾನ ನಿಲ್ದಾಣದ, ಒಂದು ಕಾಲ ಇತ್ತು, ಅದನ್ನು ಬಿಟ್ಟರೆ ನಮ್ಮ ಊರಿನ ಕತೆ ಪೂರ್ತಿಯಾಗುವುದಿಲ್ಲ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಆಮೇಲೆ ಏಳೆಂಟು ವರ್ಷ ವಿಮಾನದಿಂದ ಮನುಷ್ಯರಿಗಿಂತ ಟಿವಿಗಳೇ ಜಾಸ್ತಿ ಇಳಿಯುತ್ತಿದ್ದವೋ ಅನ್ನಿಸುತ್ತಿತ್ತು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ಮಾರ್ಕರಿನಲ್ಲಿ ದೊಡ್ಡಕ್ಕೆ ಹೆಸರು, ಊರು: ಉಪ್ಪಳ, ಕುಂಬಳೆ, ಬದಿಯಡ್ಕ. ಮೊದಲು 25 ಸಾವಿರ, 2012ರಿಂದ 35 ಸಾವಿರ ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ, ದುಬೈಯಲ್ಲಿ ಟಿವಿ ಇಲ್ಲಿಗಿಂತ ಅಗ್ಗ. ಅದೇ ಕೊರಿಯಾದ ಹೆಸರು, ಅದೇ ಅಳತೆ, ಇಲ್ಲಿಯ ಅಂಗಡಿಯಲ್ಲೂ ಉಂಟು. ಆದರೂ "ಗಲ್ಫಿನದ್ದು" ಅಂದರೆ ಅದಕ್ಕೊಂದು ತೂಕ. ನೋಯ್ಡಾದಲ್ಲಿ ಜೋಡಿಸಿದ್ದು ಡೂಪ್ಲಿಕೇಟ್, ದುಬೈಯಿಂದ ಬಂದದ್ದು ಒರಿಜಿನಲ್ ಅಂತ ವಾದ ಮಾಡುತ್ತಿದ್ದವರನ್ನು ನಾನು ಬಲ್ಲೆ. ಆ ಒರಿಜಿನಲ್ ಕೆಟ್ಟಾಗ ಇಲ್ಲಿಯ ಸರ್ವಿಸಿನವರು ವಾರಂಟಿ ಇಲ್ಲ ಅನ್ನುತ್ತಿದ್ದರು, ಅದು ನನ್ನ ಮೇಜಿಗೆ ಬರುತ್ತಿತ್ತು. 2013ರ ಆಗಸ್ಟಿನಲ್ಲಿ ರೂಪಾಯಿ ಬಿದ್ದಾಗ ಸರಕಾರ ಆ ವಿನಾಯಿತಿ ತೆಗೆದು, ಟಿವಿಗೆ ನೂರಕ್ಕೆ 36ರಷ್ಟು ಸುಂಕ ಹಾಕಿತು. ಹಗ್ಗ ಕಟ್ಟಿದ ಪೆಟ್ಟಿಗೆಗಳು ನಿಂತವು. ಈಗ ಗಲ್ಫಿನಿಂದ ಬರುವವರು ಬಾದಾಮಿ, ಹಾಲಿನ ಪುಡಿ ತರುತ್ತಾರೆ. ಟಿವಿ ಇಲ್ಲಿಯೇ ಕಂತಿನಲ್ಲಿ ಸಿಗುತ್ತದೆ.

ಮೊಬೈಲಿನ ಕತೆಯಲ್ಲಿ ನಮ್ಮ ದೇಶದ ಹೆಸರುಗಳು ಒಮ್ಮೆ ನಿಜವಾಗಿ ಗೆದ್ದಿದ್ದವು. ಆ ಗೆಲುವಿನ ಕಾರಣ ನಮ್ಮ ಗಡಿಯವರಿಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ. ಪೆರ್ಲದಿಂದ ಸಾರಡ್ಕದ ಕಡೆ ಹೋದ ಹಾಗೆ ಮೊಬೈಲಿಗೆ ದೇಶ ಬದಲಾದಷ್ಟು ಗಾಬರಿ. ಅಡ್ಯನಡ್ಕ ಕಡೆಯ ಟವರ್ ಹಿಡಿದರೆ ಅದು ಕರ್ನಾಟಕ, ಕೇರಳದ ಸಿಮ್ಮಿಗೆ ರೋಮಿಂಗ್. ಕೆಲವರ ಮನೆಯಲ್ಲಿ ಅಡುಗೆಮನೆ ಕೇರಳ, ಜಗಲಿ ಕರ್ನಾಟಕ. ಜಗಲಿಯಲ್ಲಿ ಕೂತು ಮಾತಾಡಿದರೆ ಬರುವ ಫೋನಿಗೂ ದುಡ್ಡು ಹೋಗುತ್ತಿತ್ತು. ಹಾಗಾಗಿ ಎಲ್ಲರ ಹತ್ತಿರ ಎರಡು ಸಿಮ್. ಒಂದು ಇಲ್ಲಿಯದ್ದು, ಒಂದು ಪುತ್ತೂರಿನ ನೆಂಟರ ಹೆಸರಲ್ಲಿ ಮಾಡಿಸಿದ್ದು. ಶರ್ಟಿನ ಜೇಬಲ್ಲಿ ಎರಡು ಫೋನ್ ಹಾಕಿ, ಬಗ್ಗಿದಾಗ ಎರಡೂ ತೋಡಿಗೆ ಬಿದ್ದವರುಂಟು.

ಎರಡು ಸಿಮ್ಮಿನ ಫೋನ್ ತಂದುಕೊಟ್ಟದ್ದು ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾದಂಥವರು. ಮೈಕ್ರೋಮ್ಯಾಕ್ಸ್ 2008ರಲ್ಲಿ ಫೋನಿಗೆ ಕೈ ಹಾಕಿದಾಗ ಮೊದಲು ಹೇಳಿದ್ದೇ ತಿಂಗಳು ಚಾರ್ಜ್ ನಿಲ್ಲುವ ಬ್ಯಾಟರಿ ಅಂತ. ಕರೆಂಟು ಹೋದರೆ ಎರಡು ದಿನಕ್ಕೆ ಬಾರದ ಊರಿಗೆ ಇದಕ್ಕಿಂತ ಎಂತ ಬೇಕು! ಆಗ ರಾಜನ ಹಾಗಿದ್ದ ನೋಕಿಯಾ ಎರಡು ಸಿಮ್ಮಿನ ಕಡೆ ಮುಖ ಮಾಡಲು ತಡ ಮಾಡಿತು. ಅಷ್ಟರಲ್ಲಿ ಪೆರ್ಲದ ಜೇಬುಗಳು ತುಂಬಿ ಆಗಿತ್ತು. 2014ರ ನಡುವಿಗೆ ಮಾರಾಟದ ಒಂದು ಲೆಕ್ಕದಲ್ಲಿ ಮೈಕ್ರೋಮ್ಯಾಕ್ಸ್ ನಮ್ಮ ದೇಶದಲ್ಲಿ ಸ್ಯಾಮ್‌ಸಂಗನ್ನೇ ಹಿಂದೆ ಹಾಕಿತ್ತು. ನಮ್ಮ ಜನಕ್ಕೆ ಏನು ಬೇಕು ಅಂತ ಜಗಲಿಯಲ್ಲಿ ಕೂತು ನೋಡಿದವರು ಅವರು. ಅದಕ್ಕೆ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಬೆನ್ನು ಬಿಚ್ಚಿದರೆ? ಅದೇ ಕತೆ. ಆ ಕಾಲದ ಇಂಥ ಎಷ್ಟೋ ಫೋನುಗಳು ಚೀನಾದಲ್ಲೇ ತಯಾರಾಗಿ, ಇಲ್ಲಿ ಹೆಸರು ಹಾಕಿಸಿಕೊಂಡು ಬರುತ್ತಿದ್ದವು. ಒಂದೇ ಬೋರ್ಡು ಮೂರು ಹೆಸರಿನಲ್ಲಿ ನನ್ನ ಕೈಗೆ ಸಿಕ್ಕಿದ್ದುಂಟು. ಹಾಗಾದರೆ ಚೀನಾದವನೇ ನೇರ ಬಂದು ಮಾರಿದರೆ? 2014ರ ಜುಲೈಯಲ್ಲಿ ಶವೊಮಿ ಬಂದದ್ದು ಹಾಗೆಯೇ, ಅಂಗಡಿಯೂ ಬೇಡ, ಆನ್‌ಲೈನ್ ಸಾಕು ಅಂತ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಎಲ್ಲರಿಗೂ ರಾತ್ರಿ ಬೆಳಗಾಗುವುದರೊಳಗೆ 4ಜಿ ಫೋನೇ ಬೇಕು. ಅಗ್ಗದ 4ಜಿ ಫೋನು ಯಾರ ಹತ್ತಿರ ರಾಶಿ ಇತ್ತೋ ಅವರು ಗೆದ್ದರು. 2017ರ ಕೊನೆಗೆ ಶವೊಮಿ ಮೇಲೆ ಕೂತಿತು. ಅದೇ ಹೊತ್ತಿಗೆ ರೋಮಿಂಗ್ ದುಡ್ಡೂ ಹೋಯಿತು. ಜಗಲಿ, ಅಡುಗೆಮನೆ ಎರಡೂ ಒಂದಾದವು. ನಮ್ಮವರ ಕೈಯಲ್ಲಿದ್ದ ಆ ಒಂದು ಉಪಾಯಕ್ಕೂ ಬೆಲೆ ಉಳಿಯಲಿಲ್ಲ.

2020ರ ಜೂನಿನಲ್ಲಿ ಗಾಲ್ವಾನಿನಲ್ಲಿ ಚೀನಾದ ಸೈನಿಕರ ಜೊತೆ ಹೊಡೆದಾಟ ಆದಾಗ ಊರಲ್ಲಿ ತುಂಬ ಸಿಟ್ಟಿತ್ತು. ಅಂಗಡಿಗೆ ಬಂದವರೆಲ್ಲ "ಚೈನಾದ್ದು ಬೇಡ, ಬೇರೆ ಹೇಳು" ಅನ್ನುವವರೇ. ಜುಲೈ ಕೊನೆಗೆ ಸರಕಾರ ಕಲರ್ ಟಿವಿ ಆಮದಿಗೆ ಪರವಾನಗಿ ಬೇಕು ಅಂತ ಮಾಡಿತು. ಒಬ್ಬ ಹುಡುಗ ತನ್ನ ಫೋನನ್ನು ಮೇಜಿನ ಮೇಲಿಟ್ಟು, ಇದನ್ನು ಮಾರಿ ಇಂಡಿಯಾದ್ದು ಕೊಡಿಸಿ ಅಂದ. ಒಳ್ಳೆಯ ಹುಡುಗ. ನಾನು ನಾಲ್ಕು ಹೆಸರು ಹೇಳಿದೆ. ಅವನು ಒಂದೊಂದನ್ನೂ ಗೂಗಲ್ ಮಾಡಿ, ಇದರ ಕ್ಯಾಮೆರಾ ಸಾಲದು, ಇದಕ್ಕೆ ಬೆಲೆ ಜಾಸ್ತಿ, ಇದು ಎಲ್ಲಿಯೂ ಸ್ಟಾಕಿಲ್ಲ ಅಂತ ಒಂದು ಗಂಟೆ ಕೂತ. ಕೊನೆಗೆ ಟೆಂಪರ್ಡ್ ಗ್ಲಾಸ್ ಹಾಕಿಸಿಕೊಂಡು ಅದೇ ಫೋನ್ ಜೇಬಿಗೆ ಹಾಕಿ ಹೋದ. ಆ ಗ್ಲಾಸ್ ಎಲ್ಲಿಯದ್ದು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ, ವ್ಯಾಪಾರ ನೋಡಿ.

ಈಗ ಕಾರ್ಖಾನೆಗಳು ಬರುತ್ತಿವೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಶ್ರೀಪೆರಂಬದೂರಿನಲ್ಲಿ ಐಫೋನ್ ಜೋಡಿಸುತ್ತಾರೆ, ಕೋಲಾರದ ನರಸಾಪುರದ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ತೆಗೆದುಕೊಂಡರು. ನೋಯ್ಡಾದ ಡಿಕ್ಸನ್ ಹತ್ತಾರು ಹೆಸರಿನ ಟಿವಿ, ಫೋನು ಮಾಡಿಕೊಡುತ್ತದೆ. ಅಂದರೆ ಅಮೆರಿಕದ ಹೆಸರಿನ ಫೋನು ನಮ್ಮ ಹುಡುಗಿಯರ ಕೈಯಲ್ಲಿ ಜೋಡಣೆಯಾಗುತ್ತದೆ, ನಮ್ಮ ಹೆಸರಿನ ಟಿವಿಗೆ ಪ್ಯಾನೆಲ್ ಚೀನಾದಿಂದ ಬರುತ್ತದೆ. ಇದರಲ್ಲಿ ಸ್ವದೇಶಿ ಯಾವುದು ಅಂತ ಮಾಷ್ಟ್ರು ಕೇಳಿದರೆ ನಾನು ಎಂತ ಹೇಳಲಿ?

ನನ್ನ ಮನೆಯಲ್ಲೇ ಇದಕ್ಕೊಂದು ಜಗಳ ಆದದ್ದುಂಟು. ಹೆಂಡತಿಗೆ ಮಿಕ್ಸಿ ಅಂದರೆ ಪ್ರೀತಿಯೇ. ಪ್ರೀತಿ ಅನ್ನುವುದು ಚೆನ್ನೈಯ ಹೆಸರು, ನಲವತ್ತು ವರ್ಷಕ್ಕಿಂತ ಹಳೆಯದು. ಅಕ್ಕಿ, ಉದ್ದು, ತೆಂಗಿನಕಾಯಿ, ಒಣಮೆಣಸು ಎಲ್ಲ ಅರೆಯಬೇಕಾದ ಅಡುಗೆಮನೆಗೆ ಬೇರೆ ದೇಶದ ಮಿಕ್ಸಿ ಆಗುವುದಿಲ್ಲ ಅನ್ನುವುದು ಅವಳ ಮಾತು. ಅದು ನೂರಕ್ಕೆ ನೂರು ನಿಜ. ಸುಮೀತ್ ಮಿಕ್ಸಿ ಹುಟ್ಟಿದ್ದೇ ಹಾಗಲ್ಲವಾ. ಜರ್ಮನಿಯ ಬ್ರೌನ್ ಮಿಕ್ಸಿ ನಮ್ಮ ಮಸಾಲೆ ಅರೆದು ಅರೆದು ಸುಟ್ಟುಹೋದಾಗ, ಇಲ್ಲಿಯ ಒಬ್ಬ ಎಂಜಿನಿಯರ್ ಅದಕ್ಕಿಂತ ಗಟ್ಟಿ ಮೋಟರ್ ಹಾಕಿ 1963ರ ಹೊತ್ತಿಗೆ ಮಾಡಿದ್ದು. ಗಲ್ಫಿನಿಂದ ಬಂದ ಮೂರು ಚಂದದ ಬ್ಲೆಂಡರುಗಳು ನನ್ನ ಅಂಗಡಿಯ ಅಟ್ಟದಲ್ಲಿ ಈಗಲೂ ಉಂಟು. ಜ್ಯೂಸಿಗೆ ಅಂತ ಮಾಡಿದ್ದಕ್ಕೆ ಕೊತ್ತಂಬರಿ, ಮೆಣಸು ಹಾಕಿ ತಿರುಗಿಸಿದರೆ ಇನ್ನೇನಾದೀತು?

ಸ್ಟೆಬಿಲೈಸರ್ ಕೂಡ ಹಾಗೆಯೇ. ಸಂಜೆಯಾದರೆ ನಮ್ಮ ಕಡೆ ವೋಲ್ಟೇಜ್ ಬಲ್ಬನ್ನು ಕಿತ್ತಳೆ ಹಣ್ಣು ಮಾಡುತ್ತಿತ್ತು. ಯಾವ ಜಪಾನಿನ ಫ್ರಿಜ್ಜಿಗೂ ಇದು ಗೊತ್ತಿರಲಿಲ್ಲ. 1977ರಲ್ಲಿ ಕೊಚ್ಚಿಯಲ್ಲಿ ಶುರುವಾದ ವಿ-ಗಾರ್ಡಿಗೆ ಗೊತ್ತಿತ್ತು. ನನ್ನ ಕಣ್ಣಿಗೆ ನಮ್ಮವರು ಗೆದ್ದದ್ದೆಲ್ಲ ಇಂಥ ಕಡೆ. ನಮ್ಮ ಕರೆಂಟು, ನಮ್ಮ ಮೆಣಸು, ನಮ್ಮ ರೋಮಿಂಗು. ಹೊರಗಿನವನಿಗೆ ಅರ್ಥವಾಗದ ತಾಪತ್ರಯ ಎಲ್ಲಿತ್ತೋ ಅಲ್ಲಿ.

ಜಗಳದ ವಿಷಯಕ್ಕೆ ಬರುತ್ತೇನೆ. ಪ್ರೀತಿಯನ್ನು 2011ರಲ್ಲಿ ಫಿಲಿಪ್ಸ್ ಕೊಂಡುಕೊಂಡಿತು. ಫಿಲಿಪ್ಸಿನವರು 2021ರಲ್ಲಿ ಮನೆಬಳಕೆಯ ಸಾಮಾನಿನ ವ್ಯಾಪಾರವನ್ನೇ ಹಿಲ್‌ಹೌಸ್ ಅನ್ನುವ ಚೀನೀ ಹೂಡಿಕೆಯವರಿಗೆ ಮಾರಿದರು. ಇದನ್ನು ಒಂದು ದಿನ ಊಟದ ಹೊತ್ತಿಗೆ ಹೇಳಿದೆ. ಹೇಳಬಾರದಿತ್ತು. "ನಿಮಗೆ ಎಲ್ಲದರ ಬೆನ್ನು ಬಿಚ್ಚದಿದ್ದರೆ ಉಂಡದ್ದು ಅರಗುದಿಲ್ಲ. ಕೆಟ್ಟರೆ ಜಾರಿನ ಬ್ಲೇಡು ಬದಿಯಡ್ಕದಲ್ಲಿ ಸಿಗ್ತದೆ, ಕಪ್ಲಿಂಗ್ ಪೆರ್ಲದಲ್ಲಿ ಸಿಗ್ತದೆ. ಮತ್ತೆ ಯಾರದ್ದಾದರೆ ನನಗೆಂತ?" ಅಂದಳು.

ನಾನು ಸಾಂಬಾರು ಬಡಿಸಿಕೊಂಡು ಸುಮ್ಮನಾದೆ. ಇಷ್ಟು ವರ್ಷ ಮೇಜಿನ ಮುಂದೆ ಕೂತ ನನಗೂ ಅದಕ್ಕಿಂತ ಜಾಸ್ತಿ ಹೇಳಲು ಬರುವುದಿಲ್ಲ. ಮಾಷ್ಟ್ರ ಟಿವಿಯ ಒಳಗೆ ಚೀನಾ ಇದ್ದದ್ದು ನನಗೆ ದೊಡ್ಡ ವಿಷಯವೇ ಅಲ್ಲ. ಈಗ ಕೊರಿಯಾದ ಹೆಸರಿನ ಟಿವಿ ಬಿಚ್ಚಿದರೂ ಎಷ್ಟೋ ಸಲ ಚೀನಾದ ಪ್ಯಾನೆಲ್ಲೇ ಸಿಗುತ್ತದೆ. ನನಗೆ ಹೊಟ್ಟೆ ಉರಿದದ್ದು ಬೇರೆ. ಆ ಟಿವಿಯ ಹಿಂದೆ ಬರೆದ ಸರ್ವಿಸ್ ನಂಬರಿಗೆ ಆ ದಿನ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಸಂಗೀತ. ಎರಡನೇ ಸಲ ಒಬ್ಬಳು ಹಿಂದಿಯಲ್ಲಿ ಪಿನ್ ಕೋಡ್ ಕೇಳಿ, ನಿಮ್ಮ ಏರಿಯಾದಲ್ಲಿ ನಮ್ಮ ಸೇವೆ ಇಲ್ಲ ಅಂದಳು. ಮೂರನೇ ಸಲ, ಪಟ್ಟಿ ಮಾತ್ರ ಕಳಿಸಿ, ನಾನೇ ಹಾಕುತ್ತೇನೆ ಅಂದೆ. ಬಿಡಿಭಾಗ ಮಾರುವುದಿಲ್ಲವಂತೆ. ಮೊದಲು ನಕ್ಷೆಯನ್ನೇ ಮಡಚಿ ಕೈಗೆ ಕೊಡುತ್ತಿದ್ದವರು ನಮ್ಮ ದೇಶದ ಕಂಪನಿಯವರು. ಇವರೂ ನಮ್ಮ ದೇಶದವರೇ.

ಪಟ್ಟಿ ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಕೊರಿಯರಿನಲ್ಲಿ ಬಂತು. ಅಳತೆ ಒಂದೂವರೆ ಇಂಚು ಜಾಸ್ತಿ ಇತ್ತು. ತುದಿ ಕತ್ತರಿಸಿ ಬೆಸುಗೆ ಹಾಕಿ ಕೂರಿಸಿದೆ. ಪ್ಯಾನೆಲ್ ಎತ್ತುವಾಗ ಹೆಂಡತಿಯನ್ನು ಕರೆದೆ. ಎರಡು ಕಡೆಯಿಂದ ನಾಲ್ಕು ಕೈ ಸಮ ಎತ್ತದಿದ್ದರೆ ಗಾಜು ಬಿರುಕು ಬಿಡುತ್ತದೆ. ಆ ಎರಡು ನಿಮಿಷ ಇಬ್ಬರೂ ಉಸಿರು ಬಿಡುವುದಿಲ್ಲ, ಮಾತಂತೂ ಇಲ್ಲವೇ ಇಲ್ಲ. ನಮ್ಮ ಸಂಸಾರದಲ್ಲಿ ಅತಿ ಹೆಚ್ಚು ಹೊಂದಾಣಿಕೆ ಇರುವ ಹೊತ್ತು ಅದು.

ಮಾಷ್ಟ್ರು ಮತ್ತೆ ಅದೇ ಬೆಡ್‌ಶೀಟು, ಅದೇ ತಲೆದಿಂಬು ಹಿಡಿದುಕೊಂಡು ಬಂದರು. ಆನ್ ಮಾಡಿ ತೋರಿಸಿದೆ. ವಾರ್ತೆಯವಳು ಬೆಳಕಿಗೆ ಬಂದಿದ್ದಳು. 1,800 ಅಂತ ಹೇಳಿದೆ. ಅವರು ಎರಡು ಸಾವಿರ ಕೊಟ್ಟು, ಚಿಲ್ಲರೆಗೆ ಕೈ ಒಡ್ಡಿಯೇ ಇದ್ದರು. ಅದು ಮಾಷ್ಟ್ರ ಲೆಕ್ಕ, ತಪ್ಪುವುದಿಲ್ಲ.

"ಮುಂದಿನ ಸಲ ಟಿವಿ ತಗೊಳ್ಳುವಾಗ ನಿನ್ನನ್ನು ಕೇಳ್ತೇನೆ" ಅಂದರು.

"ತಗೊಳ್ಳುವ ಮೊದಲು ಆ ನಂಬರಿಗೊಂದು ಫೋನ್ ಮಾಡಿ ನೋಡಿ ಮಾಷ್ಟ್ರೇ. ಯಾರು ಎತ್ತುತ್ತಾರೆ ಅಂತ."

ರಿಕ್ಷಾ ಹತ್ತುವ ಮೊದಲು ಮೇಜಿನ ಕೆಳಗೆ ಬಿದ್ದಿದ್ದ ಸುಟ್ಟ ಪಟ್ಟಿಗಳನ್ನು ಕಂಡರು. ಅಲ್ಯುಮಿನಿಯಮ್ಮಿನವು, ಹಗುರ, ಎರಡೂವರೆ ಅಡಿ ಉದ್ದ. ಬಿಸಾಡುವುದಾದರೆ ಕೊಡು ಅಂದರು. ಮನೆಯಲ್ಲಿ ಗಾಂಧಾರಿ ಮೆಣಸಿನ ಗಿಡ ಗಾಳಿಗೆ ವಾಲಿದೆಯಂತೆ, ಊರುಗೋಲು ಬೇಕಿತ್ತಂತೆ. ಕಟ್ಟು ಕಟ್ಟಿ ಕೊಟ್ಟೆ.